ಸಿಡಿಲಿಗೆ ‘ಎ’ ಏಕಿಲ್ಲ?

ಬೀದರಿನ ಸಮೀಪದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ಸಾಲಿದೆ. ಅವುಗಳ ನಡುವೆ ಅರ್ಧ ಗುಮ್ಮಟ ಕುಸಿದು ನಿಂತಿರುವುದು 1458ರಿಂದ 1461ರವರೆಗೆ ಆಳಿದ ಹುಮಾಯೂನ್ ಶಹನ ಗೋರಿ. ಸಿಡಿಲು ಬಡಿದು ಅದು ಸೀಳಿತೆಂಬುದು ಪ್ರತೀತಿ. ಇಷ್ಟನ್ನು ಪರಸ್ಥಳದವರಿಗೆ ಇಂಗ್ಲಿಷಿನಲ್ಲಿ ತಿಳಿಸಹೊರಟ ನಮ್ಮ ವಿದ್ಯಾರ್ಥಿ ‘ಎ ಲೈಟ್ನಿಂಗ್ ಸ್ಟ್ರಕ್ ಟೂಂಬ್’ ಎಂದುಬಿಡುತ್ತಾನೆ. ಬೇಡದಲ್ಲಿ ‘ಎ’ ಬಂದಿತು. ಬೇಕಾದಲ್ಲಿ ‘ದಿ’ ಬಿಟ್ಟುಹೋಯಿತು.

ಇದು ದಡ್ಡತನವಲ್ಲ. ಬೀದರ ಸೀಮೆಯ ಹುಡುಗನ ಕಿವಿಗೆ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಪರಿಚಿತ. ಆದರೆ ‘ಎ’, ‘ದಿ’ಗಳಂಥ ಉಪಪದಗಳು ನಾಲ್ಕರಲ್ಲಿಯೂ ಇಲ್ಲ. ಹಾಗೆಂದು ಅವುಗಳ ಹಿಂದಿನ ಭಾವವೂ ನಮಗೆ ಹೊಸದೆನ್ನಬೇಡಿ. ‘ಪುಸ್ತಕ ಕೊಂಡೆ’ ಎಂದರೆ ಯಾವುದೋ ಒಂದು; ‘ಪುಸ್ತಕವನ್ನು ಕೊಂಡೆ’ ಎಂದರೆ ನಿಮಗೂ ತಿಳಿದಿರುವ ಆ ಪುಸ್ತಕ. ಇಂಗ್ಲಿಷರು ‘ದಿ’ಯಿಂದ ಸೂಚಿಸುವುದನ್ನು ನಮ್ಮ ದ್ವಿತೀಯಾ ವಿಭಕ್ತಿ ಎಷ್ಟೋ ಸಲ ಸದ್ದಿಲ್ಲದೆ ಸೂಚಿಸುತ್ತದೆ.

ಎಣಿಕೆಯ ಮಾತೂ ಹಾಗೆಯೇ. ಅಂಗಡಿಯಲ್ಲಿ ನಾವು ‘ಒಂದು ಜೋಳ ಕೊಡಿ’ ಎನ್ನುವುದಿಲ್ಲ, ‘ಒಂದು ಸೇರು ಜೋಳ’ ಎನ್ನುತ್ತೇವೆ. ಇಂಗ್ಲಿಷಿಗೆ ಸಿಡಿಲೂ ಜೋಳದಂತೆಯೇ: ಒಂದು ಬೇಕಾದರೆ ‘ಎ ಬೋಲ್ಟ್ ಆಫ್ ಲೈಟ್ನಿಂಗ್’ ಎನ್ನಬೇಕು. ನಾವು ಸಲೀಸಾಗಿ ಎಣಿಸುವ ಸಲಹೆ, ಸುದ್ದಿ, ಮಾಹಿತಿಗಳ ಪಾಡೂ ಅಲ್ಲಿ ಇದೇ. ಅಡ್ವೈಸ್, ನ್ಯೂಸ್, ಇನ್ಫರ್ಮೇಶನ್‌ಗಳಿಗೆ ‘ಎ’ ಹತ್ತದು. ‘ಎ ಪೀಸ್ ಆಫ್’ ಎಂಬ ಸೇರು ಬೇಕು.

ಎಣಿಕೆ ವಸ್ತುವಿನಲ್ಲಿಲ್ಲ, ನೋಡುವ ಬಗೆಯಲ್ಲಿದೆ. ಗೋರಿಯನ್ನು ಕಟ್ಟಿರುವುದು ‘ಸ್ಟೋನ್’ನಿಂದ; ಅಲ್ಲಿ ಕಲ್ಲು ಬರಿಯ ದ್ರವ್ಯ. ಅದರಿಂದ ಉರುಳಿ ಬಿದ್ದುದು ‘ಎ ಸ್ಟೋನ್’. ಅದು ಬಿಡಿ ಕಲ್ಲು. ಉರುಳಿದ ಆ ಕಲ್ಲನ್ನೇ ಮತ್ತೆ ಹೆಸರಿಸಿದರೆ ‘ದಿ ಸ್ಟೋನ್’. ಎಣಿಕೆಗೆ ಸಿಗದ ನೀರೂ ‘ಈ ಬಾವಿಯ ನೀರು’ ಎಂದು ಗೊತ್ತಾದೊಡನೆ ‘ದಿ’ ಪಡೆಯುತ್ತದೆ.

ಆದುದರಿಂದ ನಾಮಪದದ ಮುಂದೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಕೇಳುವವನಿಗೆ ಇದು ಇಂಥದೇ ಎಂದು ಗೊತ್ತೇ? ಗೊತ್ತಿದ್ದರೆ ‘ದಿ’. ಇಲ್ಲವಾದರೆ, ಇಂಗ್ಲಿಷು ಇದನ್ನು ಎಣಿಸುವುದೇ? ಎಣಿಸುವ ಏಕವಚನಕ್ಕೆ ‘ಎ’ ಅಥವಾ ‘ಆನ್’. ಎಣಿಸದುದಕ್ಕೆ ಎರಡೂ ಇಲ್ಲ. ಹೊರಗುಳಿಯುವ ಪ್ರಯೋಗಗಳುಂಟು, ಅವು ಓದಿನಿಂದ ಬರುತ್ತವೆ. ಅಲ್ಲಿಯವರೆಗೆ, ಒಂದು ‘ಎ’ ತಪ್ಪೀತೆಂದು ಸಂದರ್ಶನದಲ್ಲಿ ಬಾಯಿ ಕಟ್ಟಿ ಕೂರಬೇಡಿ. ಉಪಪದ ತಪ್ಪಿದ ಮಾತನ್ನು ತಿದ್ದಬಹುದು. ಆಡದೆ ಉಳಿದ ಮಾತನ್ನು ಯಾರು ತಿದ್ದಿಯಾರು?