ಕೊನೆಯ ಮನೆಯ ನಲ್ಲಿ

ಮಕ್ಕಳೇ, ಹಿರಿಯೂರಿನ ನಮ್ಮ ಬೀದಿಯಲ್ಲಿ ನಲ್ಲಿ ನೀರು ಬಿಡುವ ದಿನ ಯಾರೂ ಮನೆ ಬಿಟ್ಟು ಹೋಗುವುದಿಲ್ಲ. ನಮ್ಮದು ಬೀದಿಯ ಕೊನೆಯ ಮನೆ. ಮೇಲಿನ ಮನೆಗಳ ಕೊಡ, ಡ್ರಮ್ಮು, ತೊಟ್ಟಿ ಎಲ್ಲ ತುಂಬಿದ ಮೇಲೆ ನಮ್ಮ ನಲ್ಲಿ ಒಂದೆರಡು ಸಲ ಕೆಮ್ಮಿ ಬೆರಳು ಗಾತ್ರ ನೀರು ಕೊಡುತ್ತದೆ. ನಡುವೆ ಯಾರಾದರೂ ನಲ್ಲಿಗೆ ಮೋಟರ್ ಹಚ್ಚಿದರೆ ಅದೂ ಇಲ್ಲ. (ಹಚ್ಚುವವರು ಯಾರೆಂದು ನನಗೆ ಗೊತ್ತು, ಹೇಳುವುದಿಲ್ಲ. ಹಬ್ಬಕ್ಕೆ ಅವರ ಮನೆಯಿಂದ ಹೋಳಿಗೆ ಬರುತ್ತದೆ.)

2022ರ ಸೆಪ್ಟೆಂಬರಿನಲ್ಲಿ ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿತ್ತು. ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. ಅದಕ್ಕೂ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ನಮ್ಮತ್ತೆ ಚಿಕ್ಕ ಹುಡುಗಿಯಾಗಿದ್ದಾಗ ಅದನ್ನು ನೋಡಿದ್ದರಂತೆ. ಅವರು ಹೇಳುವಾಗ ನಾವೆಲ್ಲ ಒಳಗೊಳಗೇ ನಗುತ್ತಿದ್ದೆವು. ಕೆಲವೇ ವರ್ಷಗಳ ಹಿಂದೆ ಅಣೆಕಟ್ಟಿನ ತಳ ಕಾಣುವಂತಾಗಿ, ತೆಂಗು ಅಡಿಕೆ ತೋಟಗಳು ನಿಂತಲ್ಲೇ ಒಣಗಿದ್ದನ್ನು ಕಂಡವರು ನಾವು. ಕೋಡಿಯ ಮಾತು ನಂಬುವುದು ಹೇಗೆ?

ನೋಡಲು ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಜಾತ್ರೆಯಂಥ ಜನ. ನೀರು ನೋಡುತ್ತ ಅವಳು ಕೇಳಿದಳು: "ಅಜ್ಜಿ, ಎಂಬತ್ತೊಂಬತ್ತು ವರ್ಷ ಮಳೇನೇ ಬರಲಿಲ್ವಾ?"

ಬಂತು. ಆದರೆ ಈ ನೀರು ಹಿರಿಯೂರಿನ ಮಳೆಯದಲ್ಲ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಬಿದ್ದ ಹನಿಗಳು ವೇದಾ, ಆವತಿ ಎಂಬ ಎರಡು ಹಳ್ಳಗಳಾಗಿ ಇಳಿಯುತ್ತವೆ. ಒಂದರ ದಾರಿಯಲ್ಲಿ ಅಯ್ಯನಕೆರೆ, ಇನ್ನೊಂದರ ದಾರಿಯಲ್ಲಿ ಮದಗದ ಕೆರೆ. ಆ ಕೆರೆಗಳು ತುಂಬಿ ಉಳಿದದ್ದು ಮುಂದೆ ಹರಿದು, ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹೊಸದುರ್ಗ ದಾಟಿ ನಮ್ಮ ಕಣಿವೆಗೆ ಬರಬೇಕು. ಹೀಗೆ ಒಂದು ನದಿಗೆ ಎಲ್ಲೆಲ್ಲಿಂದ ನೀರು ಇಳಿದು ಬರುತ್ತದೋ ಆ ನೆಲವನ್ನೆಲ್ಲ ಸೇರಿಸಿ ಜಲಾನಯನ ಪ್ರದೇಶ ಎನ್ನುತ್ತಾರೆ. ನಮ್ಮ ಬೀದಿಯ ಪೈಪಿನ ಹಾಗೆ. ಮೇಲೆ ಕೆರೆಗಳಿವೆ, ಚೆಕ್‌ ಡ್ಯಾಮುಗಳಿವೆ, ಕೊಳವೆಬಾವಿಗಳಿವೆ. ಹಾಗೆಂದು ಕಡೂರಿನವರನ್ನು ಬೈಯುವಂತೆಯೂ ಇಲ್ಲ. ಅವರದೂ ಬರದ ಸೀಮೆಯೇ. ಅವರ ಕೆರೆ ಬತ್ತಲಿ, ನಮ್ಮದು ತುಂಬಲಿ ಎಂದು ಯಾವ ಬಾಯಲ್ಲಿ ಹೇಳುವುದು?

2022ರಲ್ಲಿ ಮಳೆ ಜೋರಾಗಿತ್ತು, ನಿಜ. ಜೊತೆಗೆ ಇನ್ನೊಂದು ಸಂಗತಿ ಇತ್ತು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರಾ ಜಲಾಶಯದ ನೀರನ್ನು ಪಂಪಿನಿಂದ ಮೇಲೆತ್ತಿ, ಅಜ್ಜಂಪುರದ ಬಳಿ ಗುಡ್ಡ ಕೊರೆದ ಸುರಂಗದಲ್ಲಿ ಹಾಯಿಸಿ, 2019ರಿಂದ ವೇದಾವತಿಗೆ ಬಿಡುತ್ತಿದ್ದಾರೆ. ಪಕ್ಕದ ಬೀದಿಯ ಪೈಪಿನಿಂದ ನಮ್ಮ ಬೀದಿಗೊಂದು ಕೊಳವೆ ಎಳೆದಂತೆ. ಆ ಬೀದಿಯವರಿಗೂ ನೀರು ಬೇಕಲ್ಲ, ಹಾಗಾಗಿ ಭದ್ರೆಗೆ ತುಂಗೆಯ ನೀರು ತುಂಬಿಸುವುದೂ ಯೋಜನೆಯಲ್ಲಿದೆ.

ತುಂಬಿದ್ದು ಎಲ್ಲರಿಗೂ ಸಂಭ್ರಮವಾಗಲಿಲ್ಲ. ಹೊಸದುರ್ಗದ ಕಡೆ ಹಿನ್ನೀರಿಗೆ ಹೊಲ ತೋಟ ಮುಳುಗಿದವು. ಹಿರಿಯೂರಿನಲ್ಲಿ ಹೊಳೆಯಂಚಿನ ಮನೆಗಳಿಗೆ ನೀರು ನುಗ್ಗಿತು. ಎಂಬತ್ತೊಂಬತ್ತು ವರ್ಷ ಬಾರದ ಹೊಳೆ ಇನ್ನು ಬಂದೀತೇ ಎಂದು ಜನ ಅದರ ಜಾಗದಲ್ಲೇ ಬದುಕು ಕಟ್ಟಿಕೊಂಡಿದ್ದರು.

ಬಸ್ಸಿನಲ್ಲಿ ಮೊಮ್ಮಗಳು ಸುಮ್ಮನಿದ್ದಳು. ಆಮೇಲೆ, "ಹಾಗಾದ್ರೆ ಕೊನೇ ಮನೆ ನಮ್ದೇನಾ ಅಜ್ಜಿ?" ಎಂದಳು.

ಅಲ್ಲ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ವೇದಾವತಿ ಚಳ್ಳಕೆರೆ ತಾಲ್ಲೂಕು ದಾಟಿ ಆಂಧ್ರದ ಅನಂತಪುರ ಜಿಲ್ಲೆಗೆ ಹೋಗುತ್ತಾಳೆ. ಅಲ್ಲಿ ಭೈರವಾನಿತಿಪ್ಪ ಎಂಬ ಜಲಾಶಯವಿದೆ, ತುಂಬುವುದು ಅದೂ ಅಪರೂಪವೇ. ಮತ್ತೆ ಬಳ್ಳಾರಿ ಸೀಮೆಗೆ ಬಂದು, ಹಗರಿ ಎಂಬ ಹೆಸರಿನಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಅಲ್ಲಿಯವರಿಗೆ ನಾವೇ ಮೇಲಿನ ಮನೆ. ಸುಮಾರು 30 ಟಿಎಂಸಿ ಹಿಡಿಯುವ ನಮ್ಮ ತೊಟ್ಟಿ ತುಂಬಿ ಹೊರಚೆಲ್ಲದೆ ಕಳೆದ ಅಷ್ಟೂ ವರ್ಷ ಅವರ ನಲ್ಲಿ ಎಷ್ಟು ಕೆಮ್ಮಿರಬೇಕು!

ಮರುದಿನ ನಮ್ಮ ಬೀದಿಗೆ ನೀರು ಬಿಟ್ಟರು. ಮೊಮ್ಮಗಳು ಓಡಿಹೋಗಿ ಮೇಲಿನ ಮನೆಯೊಂದರ ಗೇಟಿನ ಮುಂದೆ ನಿಂತು, "ಆಂಟೀ, ನಿಮ್ಮ ತೊಟ್ಟಿ ತುಂಬ್ತಾ? ಕೆಳಗಡೆ ನಾವೂ ಇದೀವಿ!" ಎಂದು ಕೂಗಿದಳು. ಮೋಟರಿನ ಸದ್ದು ನಿಂತಿತು.

ಆ ದೀಪಾವಳಿಗೆ ಹೋಳಿಗೆ ಬರಲಿಲ್ಲ.