ಅವ್ವನ ಕಣ್ಣೂ ಕೃತ್ತಿಕೆಯ ಲೆಕ್ಕವೂ

ಹಗಲೆಲ್ಲ ಕಚೇರಿಯ ಕಡತಗಳ ಧೂಳು ಝಾಡಿಸುವ ನಮಗೆ ಇರುಳಲ್ಲಿ ನಕ್ಷತ್ರಗಳ ಫೋಟೋ ತೆಗೆಯುವ ಹುಚ್ಚು ಹತ್ತಿದ್ದು ಅವ್ವನಿಂದ. ಧಾರವಾಡದ ಕಡೆಯ ಹಳ್ಳಿಯಿಂದ ಅಹಮದಾಬಾದಿಗೆ ಬಂದು ನಮ್ಮೊಡನಿರುವ ಆಕೆಗೆ ಕಳೆದ ವರ್ಷ ಕಣ್ಣಿನ ಪೊರೆ ತೆಗೆಸಿದೆವು. ದೀಪಾವಳಿ ಕಳೆದ ಮೇಲೊಂದು ರಾತ್ರಿ, ಇಲ್ಲಿಯವರು ಧಾಬು ಎನ್ನುವ ಮಾಳಿಗೆಯ ಮೇಲೆ ನಿಂತು ಅವ್ವ ಕೇಳಿದಳು: "ತಮ್ಮಾ, ಊರಾಗ ಕೃತ್ತಿಕಾದಾಗ ಆರು ಚಿಕ್ಕಿ ಎಣಸತಿದ್ದೆ. ಇಲ್ಲಿ ಮೂರೂ ಕಾಣವಲ್ವು. ಪೊರೆ ಪೂರಾ ತಗದಿಲ್ಲೇನು?"

ದೋಷ ಕಣ್ಣಿನದೋ, ಆಕಾಶದ್ದೋ? ಸಾಕ್ಷಿ ಹೇಳಲು ಹಳೆಯದೊಂದು ಕ್ಯಾಮೆರಾ ಕೊಂಡೆವು. ಮನೆಯವರ ಕೋಪ ಈ ಅಂಕಣದ ವಿಷಯವಲ್ಲ.

ಕೃತ್ತಿಕೆ ಈ ನಾಡಿಗೂ ನೆಂಟಳು. ನಮ್ಮ ನೆರೆಹೊರೆಯವರ ಹೊಸ ವರ್ಷ ಕಾರ್ತಿಕದಿಂದ ಶುರು. ಆ ತಿಂಗಳ ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಬಳಿ ಇರುವುದರಿಂದಲೇ ಆ ಹೆಸರು. ಆದರೆ ಚಂದ್ರನಿದ್ದರೆ ಫೋಟೋ ಕೆಟ್ಟಿತು. ಅಮಾವಾಸ್ಯೆ ಕಾದು ಮೂವತ್ತು ಸೆಕೆಂಡು ಮಸೂರ ತೆರೆದಿಟ್ಟೆವು. ಬಂದದ್ದು ಬೀದಿದೀಪಗಳ ಕಿತ್ತಳೆ ಮಬ್ಬು, ಅದರೊಳಗೆ ನಾಲ್ಕು ಗೀರು.

ಗೀರಿಗೆ ಕಾರಣ ಭೂಮಿ. ಅದು ನಾಲ್ಕು ನಿಮಿಷಕ್ಕೆ ಒಂದು ಅಂಶ ತಿರುಗುತ್ತದೆ, ಜೊತೆಗೆ ನಮ್ಮ ಮುಕ್ಕಾಲಿಯೂ. ಉಪಾಯವೆಂದರೆ ಐದೈದು ಸೆಕೆಂಡಿನ ನೂರಾರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುವುದು. ಮಸುಕಾದ ಕಾರ್ಬನ್ ಪ್ರತಿಗಳನ್ನು ಜೋಡಿಸಿ ಓದಿದ ಹಾಗೆ: ಅಕ್ಷರ ಎಲ್ಲದರಲ್ಲೂ ಅಲ್ಲಿಯೇ ಇರುತ್ತದೆ, ಕಲೆಗಳು ಮಾತ್ರ ಬೇರೆ ಬೇರೆ ಕಡೆ.

ಇದು ಪಂಡಿತರ ಕೆಲಸವೆಂದು ಅಂಜಬೇಡಿ. 1880ರ ಸೆಪ್ಟೆಂಬರ್ 30ರಂದು ಮಹಾವ್ಯಾಧದ ನೀಹಾರಿಕೆಯ ಮೊದಲ ಫೋಟೋ ತೆಗೆದ ಅಮೆರಿಕದ ಹೆನ್ರಿ ಡ್ರೇಪರ್ ಓದಿದ್ದು ವೈದ್ಯ. ಅದಕ್ಕೆ 51 ನಿಮಿಷ ಹಿಡಿಯಿತು. 1883ರಲ್ಲಿ ಅದೇ ನೀಹಾರಿಕೆಯಲ್ಲಿ ದೂರದರ್ಶಕಕ್ಕೆ ಕಣ್ಣಿಟ್ಟವರಿಗೂ ಕಾಣದ ನಕ್ಷತ್ರಗಳನ್ನು ಫೋಟೋದಲ್ಲಿ ಹಿಡಿದ ಇಂಗ್ಲೆಂಡಿನ ಆಂಡ್ರೂ ಕಾಮನ್ ನೈರ್ಮಲ್ಯದ ಎಂಜಿನಿಯರು. ಗುಮಾಸ್ತರು ಏನು ಕಡಿಮೆ?

ಮಬ್ಬಿಗೆ ಮಾತ್ರ ಊರು ಬಿಡದೆ ಮದ್ದಿಲ್ಲ. ನಮ್ಮೂರ ಭೌತ ಸಂಶೋಧನಾಲಯವೇ (ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರು ವಿಕ್ರಮ ಸಾರಾಭಾಯಿಯವರ ಶಿಷ್ಯರಾಗಿದ್ದ ಸಂಸ್ಥೆ) ತನ್ನ ದೂರದರ್ಶಕಗಳನ್ನು ಅಬು ಪರ್ವತದ ಗುರುಶಿಖರದಲ್ಲಿ ಇಟ್ಟಿದೆ. ನಮ್ಮ ಸಂಬಳಕ್ಕೆ ನಳ ಸರೋವರದ ದಾರಿಯ ಹೊಲವೊಂದು ಸಾಕಾಯಿತು. ಮಾರ್ಗಶಿರದ ಅಮಾವಾಸ್ಯೆ, ಅವ್ವನಿಗೆ ಎರಡು ಶಾಲು, ಮಗಳಿಗೆ ಫ್ಲಾಸ್ಕಿನ ಕಾವಲು.

ಕ್ಯಾಮೆರಾ ಹೂಡುವಷ್ಟರಲ್ಲಿ ಅವ್ವ ಬೆರಳು ಎತ್ತಿದ್ದಳು. ಒಂದು, ಎರಡು... ಐದರಲ್ಲಿ ನಿಂತಳು. ನಾವು ಉಸಿರು ಬಿಗಿಹಿಡಿದೆವು. "ಆರು!" ಎಂದವಳೇ ಸೆರಗಿನಿಂದ ಕಣ್ಣು ಒರಸಿಕೊಂಡಳು. ಇಷ್ಟು ದಿನ ಕುರುಡಾಗುವ ಭಯ ಹೊತ್ತಿದ್ದಳೆಂದು ನಮಗೆ ತಿಳಿದದ್ದು ಆಗ.

120 ಫೋಟೋ ಕೂಡಿಸಿದಾಗ ಆರರ ಸುತ್ತ ಎಣಿಸಲಾರದಷ್ಟು ಚುಕ್ಕೆಗಳು, ನಡುವೆ ನಕ್ಷತ್ರದ ಬೆಳಕು ಬಿದ್ದು ನೀಲಿಯಾದ ಧೂಳಿನ ಸುಳಿವು. ಆ ಬೆಳಕು ಹೊರಟು ಸುಮಾರು 440 ವರ್ಷ. ತಾಳಿಕೋಟೆಯ ಕದನ (1565) ಮುಗಿದು ಬಹಳ ಕಾಲವಾಗಿರಲಿಲ್ಲ. ಧೂಳು ಝಾಡಿಸುವವರಿಗೆ ಧೂಳಿನ ಮೇಲೆ ಗೌರವ ಬಂದದ್ದು ಇದೇ ಮೊದಲು.

ವಡೋದರಾ, ಸೂರತ್ತಿನ ವಾಚಕರೇ, ಮಾರ್ಚಿನ ಸಂಜೆಯವರೆಗೂ ಕೃತ್ತಿಕೆ ಪಡುವಣದಲ್ಲಿ ಇರುತ್ತಾಳೆ. ಮನೆಯ ಹಿರಿಯರನ್ನು ಊರಾಚೆ ಒಮ್ಮೆ ಕರೆದೊಯ್ಯಿರಿ. ನಮ್ಮ ಫೋಟೋ ಅವ್ವನ ಹಾಸಿಗೆಯ ಬಳಿ ಗೋಡೆಗಿದೆ. "ಇಷ್ಟ್ಯಾಕ ಬಂದಾವ? ನಾ ಎಣಸಿದ್ದು ಆರ" ಎಂದು ಅದರ ಮೇಲೆ ಅವಳ ದೂರು.