ನಾಲ್ಕಕ್ಷರದ ಬಹುರೂಪಿ

ಓ, ಯು, ಜಿ, ಎಚ್—ಇಂಗ್ಲಿಷಿನ ಈ ನಾಲ್ಕು ಅಕ್ಷರಗಳು ಸಾಲಾಗಿ ಬಂದು ನಿಂತರೆ ಅವುಗಳ ಉಚ್ಚಾರಣೆ ಯಾವುದು? ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳುವ ತಂದೆತಾಯಿಗಳಿಗೆ ಈ ಪ್ರಶ್ನೆಯ ತೊಡಕು ಚೆನ್ನಾಗಿ ಗೊತ್ತು. ಇವುಗಳ ಮುಂದೆ ಒಂದು 'ಸಿ' ಇಟ್ಟರೆ 'ಕಾಫ್' ಆಗುತ್ತದೆ, ಎಂದರೆ ಕೆಮ್ಮು. 'ಸಿ'ಯನ್ನು ತೆಗೆದು 'ಡಿ' ಇಟ್ಟರೆ 'ಡಾಫ್' ಆಗಬೇಕಷ್ಟೆ? ಆಗುವುದಿಲ್ಲ, 'ಡೋ' ಆಗುತ್ತದೆ, ನಾದಿದ ಹಿಟ್ಟು. 'ಬಿ' ಬಂದರೆ 'ಬೌ', ಮರದ ಕೊಂಬೆ. 'ಟಿ' ಬಂದರೆ 'ಟಫ್', ಗಟ್ಟಿ. 'ಟಿ' ಮತ್ತು 'ಎಚ್' ಜೊತೆಯಾಗಿ ಬಂದರೆ 'ದೋ', ಆದರೂ ಎಂದರ್ಥ. ಅದರ ನಡುವೆ ಒಂದು 'ಆರ್' ತೂರಿಸಿದರೆ 'ಥ್ರೂ', ಮೂಲಕ. ಕೊನೆಯಲ್ಲಿ ಒಂದು 'ಟಿ' ಅಂಟಿಸಿದರೆ 'ಥಾಟ್', ಆಲೋಚನೆ. ವೇಷ ಒಂದೇ, ಧ್ವನಿ ಮಾತ್ರ ಮನೆಗೊಂದು!

'ಕಾಫ್' ಕಲಿತ ಮಗು 'ಡೋ' ಎಂಬುದನ್ನು 'ಡಾಫ್' ಎಂದು ಓದಿದಾಗ ಹಿರಿಯರಿಗೆ ಸಿಟ್ಟು ಬರುವುದುಂಟು. 'ನಿನ್ನೆ ತಾನೆ ಹೇಳಿಕೊಟ್ಟೆನಲ್ಲ!' ಎಂಬ ಗದರಿಕೆಯ ಹಿಂದೆಯೇ ತಲೆಯ ಮೇಲೊಂದು ಮೊಟಕೂ ಬೀಳಬಹುದು. ಆದರೆ ಆ ಮಗು ಮಾಡಿದುದೇನು? ಕಂಡುದರಿಂದ ಕಾಣದುದನ್ನು ಊಹಿಸಿತು. ತರ್ಕಶಾಸ್ತ್ರದ ಮೊದಲನೆಯ ಪಾಠವೇ ಅದು. ತಪ್ಪಿದ್ದರೆ ಅದು ಮಗುವಿನದಲ್ಲ, ಒಂದು ಸಾವಿರ ವರ್ಷಗಳ ಇತಿಹಾಸದ್ದು.

ಪ್ರಾಚೀನ ಇಂಗ್ಲಿಷಿನಲ್ಲಿ ಈ ಮಾತುಗಳ ರೂಪ ಬೇರೆ ಬೇರೆಯಾಗಿತ್ತು. ಇಂದಿನ 'ಥ್ರೂ' ಅಂದು 'ಥುರ್ಹ್'. 'ಟಫ್' ಅಂದು 'ತೋಹ್'. 'ಡೋ' ಅಂದು 'ದಾಗ್'. 'ಬೌ' ಅಂದು 'ಬೋಗ್'. ಗಂಟಲನ್ನು ಉಜ್ಜಿಕೊಂಡು ಹೊರಡುವ ಒಂದು ಒರಟಾದ ಹಕಾರ ಆ ಜನರ ನಾಲಗೆಯಲ್ಲಿ ಸಹಜವಾಗಿತ್ತು. ಸರೋವರಕ್ಕೆ 'ಲೋಖ್' ಎನ್ನುವ ಸ್ಕಾಟ್ಲೆಂಡಿನವರ ಬಾಯಲ್ಲಿ ಅದು ಇಂದಿಗೂ ಉಳಿದಿದೆ. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಅನಂತರದ ಶತಮಾನಗಳಲ್ಲಿ, ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಲಿಪಿಕಾರರು ಈ ಧ್ವನಿಗೆ 'ಜಿ-ಎಚ್' ಎಂಬ ಜೋಡಿಯನ್ನು ಗೊತ್ತುಮಾಡಿದರು. ಹೀಗೆ ಒಬ್ಬರಿಗೊಬ್ಬರು ನಂಟರಲ್ಲದ ಪದಗಳು ಒಂದೇ ಉಡುಪನ್ನು ತೊಟ್ಟವು.

ಕಾಲಕ್ರಮದಲ್ಲಿ ಆ ಒರಟು ಹಕಾರ ನಾಲಗೆಗೆ ಭಾರವಾಯಿತು. ಕೆಲವು ಪದಗಳಲ್ಲಿ ಅದು ಸದ್ದಿಲ್ಲದೆ ಕರಗಿಹೋಯಿತು. ಮತ್ತೆ ಕೆಲವುಗಳಲ್ಲಿ 'ಫ್' ಆಗಿ ಮಾರ್ಪಟ್ಟಿತು. ಇದು ಸಾಲದೆಂಬಂತೆ 15ರಿಂದ 17ನೆಯ ಶತಮಾನದವರೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನಪಲ್ಲಟ ಹೊಂದಿದವು. ಆದರೆ 1476ರಲ್ಲಿಯೇ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ತೆರೆದಿದ್ದನು. ಬಾಯಿ ಬದಲಾಗುತ್ತಿದ್ದ ಕಾಲದಲ್ಲಿಯೇ ಅಚ್ಚಿನ ಮೊಳೆಗಳು ಹಳೆಯ ರೂಪಗಳನ್ನು ಭದ್ರಪಡಿಸುತ್ತ ಬಂದವು. 1755ರಲ್ಲಿ ಪ್ರಕಟವಾದ ಡಾಕ್ಟರ್ ಜಾನ್ಸನ್ನನ ನಿಘಂಟು ಅವುಗಳಿಗೆ ವಿದ್ವತ್ತಿನ ಮುದ್ರೆಯನ್ನೊತ್ತಿತು.

ಈ ಅನ್ಯಾಯವನ್ನು ಸರಿಪಡಿಸಲು ಯತ್ನಗಳು ನಡೆಯದೆ ಇಲ್ಲ. ನೇಗಿಲೆಂಬ ಅರ್ಥದ 'ಪ್ಲೌ' ಶಬ್ದವನ್ನು ಅಮೆರಿಕದವರು ಕೊನೆಯ ಮೂರಕ್ಷರಗಳನ್ನು ಬಿಟ್ಟು ಒಂದು 'ಡಬ್ಲ್ಯು' ಹಾಕಿ ಮುಗಿಸುತ್ತಾರೆ. ನೋವಾ ವೆಬ್‌ಸ್ಟರನ ನಿಘಂಟಿನ ಬೆಂಬಲ ಅದಕ್ಕಿತ್ತು. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮುನ್ನೂರು ಪದಗಳ ಸರಳ ಸ್ಪೆಲಿಂಗುಗಳನ್ನು ಸರ್ಕಾರದ ಮುದ್ರಣಗಳಲ್ಲಿ ಬಳಸಬೇಕೆಂದು ಆಜ್ಞೆ ಮಾಡಿದನು. ಪತ್ರಿಕೆಗಳು ನಕ್ಕವು, ಕಾಂಗ್ರೆಸ್ ಸಭೆ ಮುನಿಯಿತು, ಆ ವರ್ಷ ಮುಗಿಯುವುದರೊಳಗೆ ಆಜ್ಞೆ ಹಿಂದಕ್ಕೆ ಹೋಯಿತು. ರಾಷ್ಟ್ರಾಧ್ಯಕ್ಷನ ಅಧಿಕಾರಕ್ಕೂ ಈ ನಾಲ್ಕಕ್ಷರಗಳು ಜಗ್ಗಲಿಲ್ಲ!

ಹಾಗಾದರೆ ಈ ಮೂಕ ಅಕ್ಷರಗಳು ಕೇವಲ ಹೊರೆಯೆ? ಪೂರ್ತಿ ಹಾಗೆನ್ನುವಂತಿಲ್ಲ. ಕೊಂಬೆ ಎಂಬ ಅರ್ಥದ 'ಬೌ' ಪ್ರಾಚೀನ ಕಾಲದಲ್ಲಿ ತೋಳೆಂಬ ಅರ್ಥವನ್ನೂ ಕೊಡುತ್ತಿತ್ತು. ಅದು ಸಂಸ್ಕೃತದ 'ಬಾಹು'ವಿನ ಒಡಹುಟ್ಟು. ಕಿವಿಗೆ ಕೇಳಿಸದ ಆ 'ಜಿ-ಎಚ್' ನಮ್ಮ 'ಬಾಹು'ವಿನ ಹಕಾರದ ಸ್ಥಾನದಲ್ಲಿಯೇ ಕುಳಿತಿದೆ. 'ಡೋ' ಕೂಡ ಹಾಗೆಯೆ. ಮೆತ್ತಿ ರೂಪಿಸುವುದು ಎಂಬ ಅರ್ಥದ ಮೂಲಧಾತುವಿನಿಂದ ಅಲ್ಲಿ ಹಿಟ್ಟಿನ ಮುದ್ದೆ ಹುಟ್ಟಿತು, ಇಲ್ಲಿ 'ದೇಹ' ಹುಟ್ಟಿತು. ಬರಹವನ್ನು ಬಾಯಿಗೆ ಸರಿಯಾಗಿ ಕತ್ತರಿಸಿದ್ದರೆ ಈ ಬಂಧುತ್ವದ ಗುರುತು ಅಳಿಸಿಹೋಗುತ್ತಿತ್ತು.

ಕನ್ನಡಿಗರು ಹಿಡಿದ ದಾರಿ ಇದಕ್ಕೆ ವಿರುದ್ಧವಾದುದು. ಹಳಗನ್ನಡದ ಶಕಟರೇಫವಾದ 'ಱ', ರಳವಾದ 'ೞ' ನಾಲಗೆಯಿಂದ ಮರೆಯಾದ ಮೇಲೆ ಲೇಖನಿಯಿಂದಲೂ ಮರೆಯಾದವು. ಮಗುವಿಗೆ ಅದರಿಂದ ಉಪಕಾರವಾಯಿತು. ಬರೆದಂತೆ ಓದಿದರೆ ಸಾಕು. ಆದರೆ ಅದಕ್ಕೂ ಬೆಲೆ ತೆರಬೇಕಾಯಿತು. ಹಿಂದೆ 'ಕರೆ' ಎಂದರೆ ಕೂಗು, 'ಕಱೆ' ಎಂದರೆ ಹಾಲು ಹಿಂಡು. ಇಂದು 'ಹಸುವನ್ನು ಕರೆ' ಎಂದರೆ ಚೊಂಬನ್ನು ಹಿಡಿದು ಹೋಗಬೇಕೆ, ಬಾಗಿಲಲ್ಲಿ ನಿಂತು ಕೂಗಬೇಕೆ ಎಂಬುದನ್ನು ಸಂದರ್ಭವೇ ತಿಳಿಸಬೇಕು. ಇಂಗ್ಲಿಷರು ನೆನಪನ್ನು ಉಳಿಸಿಕೊಂಡು ಕಷ್ಟಪಟ್ಟರು; ಕನ್ನಡಿಗರು ಸುಖವನ್ನು ಪಡೆದು ಕೊಂಚ ಮರೆತರು.

ಮನೆಯ ಮಟ್ಟಿಗೆ ಇದರಿಂದ ಒಂದು ಪ್ರಯೋಜನವುಂಟು. ಈ ಪದಗಳನ್ನು ಒಂದೇ ರಾಶಿಯಾಗಿ ಮಗುವಿನ ಮುಂದೆ ಸುರಿಯಬಾರದು. 'ರಫ್, ಟಫ್, ಇನಫ್' ಒಂದು ದಿನ. 'ಥಾಟ್, ಬಾಟ್, ಬ್ರಾಟ್' ಇನ್ನೊಂದು ದಿನ. 'ಬೌ, ಪ್ಲೌ' ಮತ್ತೊಂದು ದಿನ—ಹೀಗೆ ಗುಂಪುಗುಂಪಾಗಿ ಪರಿಚಯವಾದರೆ ಭಯ ಕಡಮೆಯಾಗುತ್ತದೆ. ಅಷ್ಟಾಗಿಯೂ ಮಗು 'ಡಾಫ್' ಎಂದೀತು. ಆಗ ತಿದ್ದಬೇಕಾದುದು ಅದರ ಉಚ್ಚಾರಣೆಯನ್ನು ಮಾತ್ರ. ಊಹಿಸುವ ಅದರ ಧೈರ್ಯವನ್ನಲ್ಲ.